ನೆಲವೂ ಡೊಂಕಿರಬಹುದು: ಡಿಸ್ಕ್ ಗಾಲ್ಫ್, ಪ್ಲಾಸ್ಟಿಕ್ ಮತ್ತು ಬೆವರುವ ಅಂಗೈ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅನ್ನೋ ಗಾದೆ ನಮಗೆಲ್ಲಾ ಗೊತ್ತು. ಚಿಕ್ಕವರಿದ್ದಾಗ ಪೆನ್ನು ಸರಿ ಇಲ್ಲ, ಬ್ಯಾಟು ಸರಿ ಇಲ್ಲ ಅಂತ ಯಾರಾದರೂ ಅಂದರೆ ಸಾಕು, ಮನೇಲಿ ದೊಡ್ಡವರು ಈ ಗಾದೆ ಎತ್ತಿಕೊಂಡು ಬರ್ತಿದ್ದರು. ಇವತ್ತು ನಾನು ಆ ಗಾದೆಯ ಜೊತೆ ಸ್ವಲ್ಪ ವಾದ ಮಾಡಬೇಕು ಅಂತಿದ್ದೀನಿ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಿರುತ್ತೆ. ಅದನ್ನ ಮುಟ್ಟಿ ನೋಡಿ ತಿಳ್ಕೊಳ್ಳೋದು ನೆಪ ಹೇಳಿದ ಹಾಗಲ್ಲ.

ವಿಷಯ ಡಿಸ್ಕ್ ಗಾಲ್ಫ್. ಅದರಲ್ಲೂ ಆ ಡಿಸ್ಕ್ ಯಾವ ಪ್ಲಾಸ್ಟಿಕ್‌ನದು, ಕೈಯಲ್ಲಿ ಹೇಗೆ ಕೂರುತ್ತೆ, ಎಷ್ಟು ಜಾರುತ್ತೆ ಅನ್ನೋದು. ಕೇಳೋಕೆ ತೀರಾ ಸಣ್ಣ ವಿಷಯ ಅನಿಸಬಹುದು. ನನ್ನ ಮಟ್ಟಿಗೆ ಸಣ್ಣದಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಆಟದ ಬಗ್ಗೆ ಎರಡು ಮಾತು. ಗಾಲ್ಫ್‌ನಲ್ಲಿ ಚೆಂಡು, ಕೋಲು, ಗುಳಿ. ಇಲ್ಲಿ ಕೈಯಿಂದ ಎಸೆಯೋ ತಟ್ಟೆ, ಕಂಬಕ್ಕೆ ಕಟ್ಟಿದ ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು. ಡಿಸ್ಕ್ ಹೋಗಿ ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಸಾಮಾನ್ಯವಾಗಿ 9 ಅಥವಾ 18 ಬುಟ್ಟಿ ಇರ್ತವೆ. ಅಮೆರಿಕದ ಸಾರ್ವಜನಿಕ ಉದ್ಯಾನಗಳಲ್ಲಿ ಹೆಚ್ಚಿನ ಕಡೆ ಇದು ಉಚಿತ. ಫ್ರಿಸ್ಬಿಗೆ ಈಗಿನ ರೂಪ ಕೊಟ್ಟವರಲ್ಲಿ ಒಬ್ಬರಾದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಶಾಶ್ವತ ಅಂಗಳ ಮಾಡಿದರು. ಮರುವರ್ಷ, 1976ರಲ್ಲಿ, ಪಿಡಿಜಿಎ ಅನ್ನೋ ಆಟಗಾರರ ಸಂಘ ಶುರುವಾಯ್ತು. 1983ರಲ್ಲಿ ಡೇವ್ ಡನಿಪೇಸ್ ಮತ್ತು ಅವರ ಗೆಳೆಯರು ಇನ್ನೋವಾ ಕಂಪನಿಯಿಂದ ಅಂಚು ಇಳಿಜಾರಾಗಿರೋ ಡಿಸ್ಕ್ ತಂದರು. ಅಲ್ಲಿಂದ ಇದು ಫ್ರಿಸ್ಬಿಯಿಂದ ಬೇರೆಯೇ ಆದ ವಸ್ತು ಆಯ್ತು: ಚಿಕ್ಕದು, ಗಟ್ಟಿ, ವೇಗದ್ದು.

ಬೆಂಗಳೂರಿನಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಆಡೋರು ಈ ಮಾತು ಕೇಳ್ತಿದ್ದರೆ ಅವರಿಗೆ ಒಂದು ಹೋಲಿಕೆ ಕೊಡ್ತೀನಿ. ನೀವು ಆಡೋ ಡಿಸ್ಕ್ 175 ಗ್ರಾಂ, ಅಡ್ಡಳತೆ ಸುಮಾರು 27 ಸೆಂಟಿಮೀಟರ್, ಬಗ್ಗುವಂಥ ಪ್ಲಾಸ್ಟಿಕ್. ಎರಡೂ ತಂಡಕ್ಕೆ ಅದೊಂದೇ ಡಿಸ್ಕ್. ಡಿಸ್ಕ್ ಗಾಲ್ಫ್‌ನ ತಟ್ಟೆ ಸುಮಾರು 21 ಸೆಂಟಿಮೀಟರ್. ತೂಕ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಯಾಕಂದ್ರೆ ಅಡ್ಡಳತೆಯ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು ಅನ್ನೋದು ನಿಯಮ. ಇಲ್ಲಿ ಪ್ರತಿಯೊಬ್ಬರ ಚೀಲದಲ್ಲೂ ಹತ್ತು, ಹದಿನೈದು, ಇಪ್ಪತ್ತು ಡಿಸ್ಕ್ ಇರ್ತವೆ. ಒಂದೇ ಅಚ್ಚಿನ ಡಿಸ್ಕ್ ಐದಾರು ಬಗೆಯ ಪ್ಲಾಸ್ಟಿಕ್‌ನಲ್ಲಿ ಸಿಗುತ್ತೆ. ಹೊಸಬರಿಗೆ ಇದು ಸೀರೆ ಅಂಗಡಿಗೆ ಮೊದಲ ಸಲ ಹೋದ ಹಾಗೆ. ಎಲ್ಲಾ ಚೆನ್ನಾಗೇ ಕಾಣುತ್ತೆ, ಯಾವುದು ನನಗೆ ಅಂತ ಗೊತ್ತಾಗಲ್ಲ.

ಈಗ ನನ್ನ ಕಥೆ. ನಾನು ಇರೋದು ಮಿಷಿಗನ್‌ನಲ್ಲಿ. ಕಾರಿನ ಒಳಭಾಗದ ಪ್ಲಾಸ್ಟಿಕ್ ಬಿಡಿಭಾಗಗಳನ್ನ ಪರೀಕ್ಷೆ ಮಾಡೋ ಕೆಲಸ. ಹುಟ್ಟಿದ್ದು ಶಿವಮೊಗ್ಗದ ಹತ್ತಿರ. ಚಿಕ್ಕಂದಿನಿಂದ ನನ್ನ ಎರಡೂ ಅಂಗೈ ಬೆವರುತ್ತೆ. ಸ್ವಲ್ಪ ಪಸೆ ಅಲ್ಲ, ತೊಟ್ಟಿಕ್ಕೋ ಹಾಗೆ. ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಯ ಕೆಳಗೆ ಕರ್ಚೀಫು ಇಟ್ಕೊಂಡು ಬರೀತಿದ್ದೆ. ಮದುವೆಯಲ್ಲಿ ಕೈ ಹಿಡಿಯೋ ಶಾಸ್ತ್ರ ಬಂದಾಗ ಮಂತ್ರಕ್ಕಿಂತ ಹೆಚ್ಚಾಗಿ ಕೈಯ ಕಡೆಗೇ ನನ್ನ ಗಮನ. ಹೊಸಬರು ಕೈ ಕುಲುಕೋಕೆ ಬಂದರೆ ‘ನಮಸ್ಕಾರ’ ಅಂತ ಕೈ ಜೋಡಿಸಿಬಿಡ್ತೀನಿ. ಸಂಸ್ಕೃತಿಯ ಅಭಿಮಾನ ಅಂತ ಎಲ್ಲರೂ ಅಂದ್ಕೋತಾರೆ.

ವೈದ್ಯರು ಇದಕ್ಕೊಂದು ಹೆಸರು ಇಟ್ಟಿದ್ದಾರೆ, ಚಿಕಿತ್ಸೆಗಳೂ ಇವೆ. ತಿಳ್ಕೋಬೇಕಾದ್ದು ಏನಂದ್ರೆ, ಮೈಯ ಬೇರೆ ಕಡೆಯ ಬೆವರು ಮುಖ್ಯವಾಗಿ ಸೆಕೆಗೆ ಬರುತ್ತೆ, ಅಂಗೈ ಅಂಗಾಲಿನ ಬೆವರು ಹೆಚ್ಚಾಗಿ ಮನಸ್ಸಿನ ಒತ್ತಡಕ್ಕೆ ಬರುತ್ತೆ. ‘ಬೆವರುತ್ತೇನೋ’ ಅನ್ನೋ ಭಯಕ್ಕೇ ಬೆವರುತ್ತೆ. ಬೆವರಿತು ಅಂತ ಭಯ ಇನ್ನೂ ಹೆಚ್ಚುತ್ತೆ. ಈ ಸುತ್ತಿನೊಳಗೆ ಸಿಕ್ಕಿಹಾಕ್ಕೊಂಡವಳು ಕೈಯಲ್ಲಿ ಹಿಡಿದು ಎಸೆಯೋ ಆಟಕ್ಕೆ ಹೋದರೆ ಏನಾಗುತ್ತೆ ಯೋಚನೆ ಮಾಡಿ.

ಹಿಡಿತ ಅಷ್ಟು ಮುಖ್ಯ ಯಾಕೆ? ಡಿಸ್ಕ್ ನೆಟ್ಟಗೆ ಹಾರೋದು ಅದರ ಸುತ್ತುವಿಕೆಯಿಂದ. ಬುಗುರಿ ಜೋರಾಗಿ ತಿರುಗುವಾಗ ಬೀಳಲ್ಲ, ನಿಧಾನ ಆದಾಗ ತೂರಾಡುತ್ತೆ. ಡಿಸ್ಕಿಗೂ ಅದೇ ಲೆಕ್ಕ. ಆ ಸುತ್ತುವಿಕೆ ಹುಟ್ಟೋದು ಕೊನೇ ಕ್ಷಣದಲ್ಲಿ ಬೆರಳ ತುದಿಯಿಂದ ಡಿಸ್ಕ್ ಕಿತ್ಕೊಂಡು ಹೋಗುವಾಗ. ಬೆರಳು ಎಷ್ಟು ಹೊತ್ತು ಹಿಡಿದಿರುತ್ತೋ ಅಷ್ಟು ಸುತ್ತು. ಬಲಗೈಯವರು ಎದೆಯ ಮುಂದಿಂದ ಎಳೆದು ಎಸೆಯುವಾಗ ಡಿಸ್ಕ್ ಒಂದು ಕ್ಷಣ ಮೊದಲೇ ಜಾರಿದರೆ ಎಡಕ್ಕೆ ಹೋಗುತ್ತೆ. ಒಂದು ಕ್ಷಣ ತಡವಾಗಿ ಬಿಟ್ಟರೆ ಬಲಕ್ಕೆ. ಬುಟ್ಟಿ ತಪ್ಪೋದು ಒಂದು ಕಡೆ ಇರಲಿ. ಉದ್ಯಾನದಲ್ಲಿ ಮಕ್ಕಳನ್ನ ತಳ್ಳೋ ಗಾಡಿ ಹಿಡಿದು ಓಡಾಡೋರೂ ಇರ್ತಾರೆ. 170 ಗ್ರಾಂ ಗಟ್ಟಿ ಪ್ಲಾಸ್ಟಿಕ್ ದಿಕ್ಕು ತಪ್ಪಿ ಹೋಗೋದು ತಮಾಷೆಯ ವಿಷಯ ಅಲ್ಲ.

ಸರಿ, ಪ್ಲಾಸ್ಟಿಕ್‌ಗೆ ಬರೋಣ. ಕಂಪನಿಗೊಂದು ಹೆಸರು ಇಟ್ಕೊಂಡು ತಲೆ ತಿರುಗಿಸ್ತಾರೆ. ಆದ್ರೆ ಕೈಗೆ ಗೊತ್ತಾಗೋ ಬಗೆ ನಾಲ್ಕೈದೇ.

ಮೊದಲನೇದು ಅಗ್ಗದ, ಮೂಲ ಪ್ಲಾಸ್ಟಿಕ್. ಇನ್ನೋವಾದಲ್ಲಿ ಡಿಎಕ್ಸ್, ಡಿಸ್ಕ್ರಾಫ್ಟ್‌ನಲ್ಲಿ ಪ್ರೊ-ಡಿ, ಡೈನಾಮಿಕ್ ಡಿಸ್ಕ್ಸ್‌ನಲ್ಲಿ ಪ್ರೈಮ್, ಲ್ಯಾಟಿಟ್ಯೂಡ್ 64ರಲ್ಲಿ ರೆಟ್ರೋ. ಬೆಲೆ 10 ಡಾಲರ್ ಆಸುಪಾಸು. ಮೇಲ್ಮೈಗೆ ಹೊಳಪಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಕೈಯಾಡಿಸಿದ ಹಾಗೆ ಸ್ವಲ್ಪ ಪುಡಿಪುಡಿ, ಒಣ ಸ್ಪರ್ಶ. ಮರಕ್ಕೆ ನಾಲ್ಕು ಸಲ ಬಡಿದರೆ ಅಂಚು ಕಿತ್ತುಬರುತ್ತೆ.

ಎರಡನೇದು ಗಾಜಿನ ಥರ ಬೆಳಕು ಹಾಯೋದು. ಚಾಂಪಿಯನ್, ಜೀ, ಲೂಸಿಡ್, ಆಪ್ಟೋ ಇವೆಲ್ಲಾ ಈ ಕುಟುಂಬ. ಬೆಲೆ 18 ಡಾಲರ್ ಹತ್ತಿರ. ಬಂಡೆಗೆ ಬಡಿದರೂ ಜಗ್ಗಲ್ಲ. ನುಣುಪು, ಗಟ್ಟಿ. ಅಂಗಡಿಯ ದೀಪದ ಕೆಳಗೆ ಕಣ್ಣು ಕುಕ್ಕೋ ಹಾಗೆ ಹೊಳೆಯುತ್ತೆ. ಹೊಸಬರ ಕೈ ಮೊದಲು ಹೋಗೋದು ಇದರ ಕಡೆಗೇ.

ಮೂರನೇದು ಬಾಳಿಕೆ ಬರುತ್ತೆ, ಆದ್ರೆ ಬೆಳಕು ಹಾಯಲ್ಲ. ಸ್ಟಾರ್, ಇಎಸ್‌ಪಿ, ಫ್ಯೂಷನ್, ಗೋಲ್ಡ್. ಇದೂ ದುಬಾರಿಯೇ. ಒತ್ತಿದರೆ ಬೆರಳಿಗೆ ಚೂರು ದಾರಿ ಬಿಡುತ್ತೆ. ಮೇಣ ಸವರಿದ ಚರ್ಮ ಮುಟ್ಟಿದ ಹಾಗೆ.

ನಾಲ್ಕನೇದು ಬೇಕು ಅಂತಲೇ ಮೆತ್ತಗೆ ಮಾಡಿದ್ದು. ಇನ್ನೋವಾದ ಜಿ-ಸ್ಟಾರ್, ಡಿಸ್ಕ್ರಾಫ್ಟ್‌ನ ಜೀ ಫ್ಲೆಕ್ಸ್. ರೊಟ್ಟಿ ಮಡಚಿದ ಹಾಗೆ ಮಡಚಬಹುದು. ಬುಟ್ಟಿಗೆ ಹತ್ತಿರದಿಂದ ಎಸೆಯೋ ಪಟರ್ ಡಿಸ್ಕುಗಳಲ್ಲಿ ರಬ್ಬರಿನ ಗುಣ ಇರೋ, ಅಂಟಂಟಾದ ಬಗೆಗಳೂ ಸಿಗ್ತವೆ.

ಇನ್ನು ಎಂವಿಪಿ ಕಂಪನಿಯ ದಾರಿ ಬೇರೆ. ನಡುಭಾಗ ಒಂದು ಪ್ಲಾಸ್ಟಿಕ್, ಹೊರ ಅಂಚು ಇನ್ನೊಂದು. ಅಂಚಿಗೆ ಹೆಚ್ಚು ತೂಕ ಬರಲಿ ಅಂತ ಹಾಗೆ. ಹಿಡಿದಾಗ ಒಂದೇ ಡಿಸ್ಕಿನಲ್ಲಿ ಎರಡು ಮೇಲ್ಮೈ ಬೆರಳಿಗೆ ಸಿಗುತ್ತೆ.

ದುಬಾರಿ ಬಗೆಗಳಲ್ಲಿ ಹೆಚ್ಚಿನವು ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್, ನಮ್ಮ ಕಾರ್ಖಾನೆ ಭಾಷೆಯಲ್ಲಿ ಟಿಪಿಯು. ನಿಮಗೂ ಇದರ ಪರಿಚಯ ಇದೆ. ಮೊಬೈಲಿನ ಹಿಂದೆ ಹಾಕೋ ಬಗ್ಗುವ ಕವರ್, ಕಾಲ ಹೋದ ಹಾಗೆ ಹಳದಿ ತಿರುಗುತ್ತಲ್ಲ, ಅದು ಹೆಚ್ಚಾಗಿ ಇದೇ. ಒಂದೇ ಕುಟುಂಬದ ವಸ್ತು ಮೊಬೈಲ್ ಕವರಿನಲ್ಲಿ ಕೈಗಂಟುತ್ತೆ, ಗಾಜಿನಂಥ ಡಿಸ್ಕಿನಲ್ಲಿ ಜಾರುತ್ತೆ. ಕಾರಣ ಗಡಸುತನ. ನಾವು ಅದನ್ನ ಡ್ಯೂರೋಮೀಟರ್ ಅನ್ನೋ ಸಣ್ಣ ಉಪಕರಣದಿಂದ ಅಳೀತೀವಿ. ಒಂದು ಮೊನೆಯನ್ನ ಒತ್ತಿ, ಎಷ್ಟು ಒಳಗೆ ಇಳೀತು ಅಂತ ನೋಡೋದು. ಹೆಬ್ಬೆರಳೂ ಅದೇ ಕೆಲಸ ಮಾಡುತ್ತೆ, ಅಂಕಿ ಮಾತ್ರ ತೋರಿಸಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹಿಡಿತ ಅನ್ನೋದು ಎರಡು ಮೇಲ್ಮೈ ನಿಜವಾಗಿ ಎಷ್ಟು ಜಾಗದಲ್ಲಿ ಮುಟ್ಟುತ್ವೆ ಅನ್ನೋದರ ಮೇಲೆ ನಿಂತಿದೆ. ಬೆರಳ ತುದಿಯಲ್ಲಿ ಗೆರೆಗಳಿವೆ, ಉಬ್ಬು ತಗ್ಗು. ಗಟ್ಟಿ ಪ್ಲಾಸ್ಟಿಕ್ ಮುಟ್ಟಿದಾಗ ಉಬ್ಬುಗಳು ಮಾತ್ರ ತಾಗ್ತವೆ. ಮೆತ್ತನೆ ಪ್ಲಾಸ್ಟಿಕ್ ಗೆರೆಗಳ ನಡುವೆಯೂ ಸ್ವಲ್ಪ ತುಂಬ್ಕೊಳ್ಳುತ್ತೆ. ಮುಟ್ಟೋ ಜಾಗ ಜಾಸ್ತಿ, ಹಿಡಿತ ಜಾಸ್ತಿ. ಒಣ ಕೈಗೆ ಮೆತ್ತನೆಯದು ಅಂಟಿದ ಹಾಗೆ ಅನಿಸೋದು ಇದಕ್ಕೇ.

ಆಮೇಲೆ ತೇವ. ಬ್ಯಾಂಕಿನಲ್ಲಿ ನೋಟು ಎಣಿಸೋರು ಒದ್ದೆ ಸ್ಪಂಜಿಗೆ ಬೆರಳು ತಾಗಿಸ್ತಾರಲ್ವಾ? ಪೂರ್ತಿ ಒಣಗಿದ ಬೆರಳು ಜಾರುತ್ತೆ. ಚೂರು ತೇವ ಇದ್ದರೆ ಚರ್ಮದ ಮೇಲ್ಪದರ ಮೆತ್ತಗಾಗಿ ಕಾಗದಕ್ಕೆ ಚೆನ್ನಾಗಿ ಕೂರುತ್ತೆ. ಆದ್ರೆ ತೇವ ಹೆಚ್ಚಾಗಿ ನೀರಿನ ತೆಳು ಪದರ ನಿಂತರೆ ಬೆರಳಿಗೂ ವಸ್ತುವಿಗೂ ಮಧ್ಯ ನೀರೇ ಕೂತ್ಕೊಳ್ಳುತ್ತೆ. ಆಗ ನೀವು ಹಿಡಿದಿರೋದು ನೀರನ್ನ. ಅಂದ್ರೆ ಒಣ, ಪಸೆ, ಒದ್ದೆ ಅಂತ ಮೂರು ಸ್ಥಿತಿ. ಒಂದೇ ಪ್ಲಾಸ್ಟಿಕ್ ಈ ಮೂರರಲ್ಲಿ ಮೂರು ಥರ ನಡ್ಕೊಳ್ಳುತ್ತೆ. ಅಂಗಡಿಯಲ್ಲಿ ನಾವು ಮುಟ್ಟಿ ನೋಡೋದು ಹವಾನಿಯಂತ್ರಿತ ಕೋಣೆಯಲ್ಲಿ, ಒಣ ಕೈಯಲ್ಲಿ. ಆಡೋದು ಜುಲೈ ತಿಂಗಳ ಬಿಸಿಲಲ್ಲಿ.

ಹಾಗಾಗಿ ನಾನು ಮನೆಯಲ್ಲೇ ಒಂದು ಪರೀಕ್ಷೆ ಮಾಡ್ಕೊಂಡೆ. ಒಂದೇ ಬಗೆಯ ಪಟರ್, ನಾಲ್ಕು ಪ್ಲಾಸ್ಟಿಕ್‌ನಲ್ಲಿ. ಬಟ್ಟೆ ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ, ಕೈಗೆ ಬಂದಿದ್ದನ್ನ ಹಿಂದೋಟದ ಬಲೆಗೆ ಎಸೆಯೋದು. ಬಣ್ಣ, ಬೆಲೆ, ಹೆಸರು ಯಾವುದೂ ಕಾಣಬಾರದು. ಒಂದು ದಿನ ಒಣ ಕೈ, ಒಂದು ದಿನ ನನ್ನ ಮಾಮೂಲಿ ಬೆವರು, ಒಂದು ದಿನ ನೀರು ಚಿಮುಕಿಸಿದ ಡಿಸ್ಕ್.

ನನ್ನ ಕೈಗೆ ಕಂಡಿದ್ದು ಇಷ್ಟು. ಒಣ ಕೈಗೆ ಮೆತ್ತನೆಯ ಅಂಟು ಪ್ಲಾಸ್ಟಿಕ್ ಎಲ್ಲರಿಗಿಂತ ಮುಂದೆ. ಬೆವರು ಬಂದ ತಕ್ಷಣ ಅದೇ ಪ್ಲಾಸ್ಟಿಕ್ ಒದ್ದೆ ಸೋಪಿನ ಹಾಗೆ. ಗಾಜಿನಂಥದ್ದು ಒಣಗಿದ್ದಾಗ ಪರವಾಗಿಲ್ಲ, ಬೆವರಿಗೆ ಹಿಡಿಯೋದೇ ಕಷ್ಟ. ಸ್ಟಾರ್ ಜಾತಿಯದು ಎಲ್ಲದರಲ್ಲೂ ಮಧ್ಯಮ. ಆ ಹತ್ತು ಡಾಲರಿನ ಪುಡಿಪುಡಿ ಡಿಎಕ್ಸ್ ಇದೆಯಲ್ಲ, ಬೆವರು ಕೈಗೆ ಅದೇ ಎಲ್ಲಕ್ಕಿಂತ ನಂಬಿಕೆ ಕೊಟ್ಟಿತು. ಹೊಳಪಿಲ್ಲದ ಒರಟು ಮೇಲ್ಮೈಯಲ್ಲಿ ತೇವ ಸರಿದುಹೋಗೋಕೆ ಸಣ್ಣ ಸಣ್ಣ ಸಂದುಗಳಿರ್ತವೆ. ಒದ್ದೆ ಕೈಯಲ್ಲಿ ನುಣುಪು ಸ್ಟೀಲ್ ಚೊಂಬು ಜಾರುತ್ತೆ, ಮಣ್ಣಿನ ಕುಡಿಕೆ ಜಾರಲ್ಲ. ಅಜ್ಜಿಯಂದಿರಿಗೆ ಗೊತ್ತಿದ್ದ ವಿಷಯವೇ.

ನನಗೆ ಸುಮಾರು ಜನ ಹೇಳಿದ್ದು ಬೇರೆ. ‘ಒಳ್ಳೇ ಡಿಸ್ಕ್ ತಗೊಳ್ಳಿ, ದುಬಾರಿಯದು, ಹಿಡಿತ ತಾನಾಗೇ ಬರುತ್ತೆ’ ಅಂತ. ದುಬಾರಿ ಪ್ಲಾಸ್ಟಿಕ್‌ನಲ್ಲಿ ನೀವು ದುಡ್ಡು ಕೊಡೋದು ಮುಖ್ಯವಾಗಿ ಬಾಳಿಕೆಗೆ. ಹಿಡಿತ ಬೇರೆ ಗುಣ. ಎರಡೂ ಒಟ್ಟಿಗೆ ಬರಬಹುದು, ಬರದೇನೂ ಇರಬಹುದು. ಇದೊಂದು ಮಾತು ತಿಳಿದಿದ್ದರೆ ಎಷ್ಟೋ ಹೊಸಬರು ‘ನನ್ನ ಕೈಯೇ ಸರಿ ಇಲ್ಲ’ ಅಂತ ಆಟ ಬಿಡ್ತಿರಲಿಲ್ಲ.

ಹಾಗಂತ ಅಗ್ಗದ್ದೇ ಎಲ್ಲಕ್ಕೂ ಸರಿ ಅಂತಲೂ ಅಲ್ಲ. ಡಿಎಕ್ಸ್ ಡಿಸ್ಕ್ ಮರಕ್ಕೆ ಬಡಿದು ಬಡಿದು ಅಂಚು ಸವೆದ ಹಾಗೆ ಅದರ ಹಾರಾಟವೇ ಬದಲಾಗುತ್ತೆ. ಮೊದಲು ಎಡಕ್ಕೆ ವಾಲ್ತಿದ್ದದ್ದು ನೆಟ್ಟಗಾಗುತ್ತೆ, ಆಮೇಲೆ ಬಲಕ್ಕೆ ತಿರುಗೋಕೆ ಶುರುಮಾಡುತ್ತೆ. ಕೆಲವರು ಇದನ್ನೇ ಇಷ್ಟಪಟ್ಟು ಒಂದೇ ಡಿಸ್ಕಿನ ಹೊಸದು, ಅರೆ ಸವೆದದ್ದು, ಪೂರ್ತಿ ಸವೆದದ್ದು ಅಂತ ಮೂರು ಇಟ್ಕೋತಾರೆ. ಇನ್ನೊಂದು ವಿಷಯ, ಅಚ್ಚು ಒಂದೇ ಆದರೂ ಪ್ಲಾಸ್ಟಿಕ್ ಬದಲಾದರೆ ಹಾರಾಟ ಒಂದೇ ಇರಲ್ಲ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಆರುವಾಗ ಕುಗ್ಗುತ್ತೆ. ಒಂದೊಂದು ಒಂದೊಂದು ಥರ ಕುಗ್ಗುತ್ತೆ. ಡಿಸ್ಕಿನ ಬೆನ್ನು ಸ್ವಲ್ಪ ಉಬ್ಬುತ್ತೆ ಅಥವಾ ಚಪ್ಪಟೆ ಆಗುತ್ತೆ, ಅಂಚು ಒಂದು ಕೂದಲೆಳೆ ಮೇಲೆ ಕೆಳಗೆ ಆಗುತ್ತೆ. ಗಾಳಿಗೆ ಅಷ್ಟು ಸಾಕು. ನಾನು ದಿನಾ ಕಾರಿನ ಬಿಡಿಭಾಗಗಳಲ್ಲಿ ಹುಡುಕೋದೂ ಇದೇ ಕುಗ್ಗುವಿಕೆಯನ್ನ.

ಹವಾಮಾನಕ್ಕೆ ಬಂದರೆ, ಮಿಷಿಗನ್‌ನ ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಐದು ಡಿಗ್ರಿಯಲ್ಲೂ ಆಡೋರಿದ್ದಾರೆ. ಆ ಚಳಿಗೆ ಪ್ಲಾಸ್ಟಿಕ್ ಬಿಗಿಯುತ್ತೆ. ಬೇಸಿಗೆಯಲ್ಲಿ ಮೆತ್ತಗಿದ್ದದ್ದು ಹಲಗೆ ಆಗುತ್ತೆ, ಗಾಜಿನಂಥದ್ದು ಇನ್ನೂ ಜಾರುತ್ತೆ. ಬೆರಳೂ ಮರಗಟ್ಟಿರುತ್ತೆ. ಆಗ ಕೈಹಿಡಿಯೋದು ಆ ರೊಟ್ಟಿಯಂಥ ಜಿ-ಸ್ಟಾರ್, ಫ್ಲೆಕ್ಸ್. ಚಳಿಗೂ ಅವು ಸ್ವಲ್ಪ ಬಗ್ತವೆ. ಬೇಸಿಗೆಯಲ್ಲಿ ಉಲ್ಟಾ. ಮುಚ್ಚಿದ ಕಾರಿನಲ್ಲಿ ಡಿಸ್ಕ್ ಬಿಟ್ಟರೆ ಮೆತ್ತಗಾಗಿ ಸೊಟ್ಟ ಆಗುತ್ತೆ. ಹಾಗಾಗಿ ನನ್ನ ಚೀಲ ವರ್ಷಕ್ಕೆ ಎರಡು ಸಲ ಬದಲಾಗುತ್ತೆ, ಬೀರುವಿನ ಬಟ್ಟೆ ಬದಲಾದ ಹಾಗೆ.

ಇನ್ನು ಸಣ್ಣ ಕೈಯವರಿಗೆ ಒಂದು ಮಾತು. ಪ್ಲಾಸ್ಟಿಕ್ ಎಷ್ಟು ಮುಖ್ಯವೋ ಅಂಚಿನ ಅಗಲವೂ ಅಷ್ಟೇ ಮುಖ್ಯ. ಪಟರ್‌ಗಳಲ್ಲಿ ಅಂಚು ಸುಮಾರು 1 ಸೆಂಟಿಮೀಟರ್. ದೂರ ಹಾರೋ ಡ್ರೈವರ್‌ಗಳಲ್ಲಿ 2 ಸೆಂಟಿಮೀಟರ್ ದಾಟುತ್ತೆ. ನಿಯಮದ ಪ್ರಕಾರ 2.6 ಮೀರಬಾರದು. ಗಿಡ್ಡ ಬೆರಳಿಗೆ ಅಗಲ ಅಂಚು ಸುತ್ತಿ ಹಿಡಿಯೋಕೆ ಆಗಲ್ಲ. ಅದರ ಮೇಲೆ ನುಣುಪು ಪ್ಲಾಸ್ಟಿಕ್ ಬಂದರೆ ಜಾರುತ್ತೇನೋ ಅಂತ ಬಿಗಿಯಾಗಿ ಅದುಮ್ತೀವಿ. ಅದುಮಿದಷ್ಟೂ ಮುಂಗೈ ಸ್ನಾಯು ಗಟ್ಟಿಯಾಗಿ ಮಣಿಕಟ್ಟು ಸಡಿಲವಾಗಿ ತಿರುಗಲ್ಲ, ಎಸೆತ ಕುಂಟುತ್ತೆ, ಮೊಣಕೈಗೂ ಭಾರ ಬೀಳುತ್ತೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಕಿರಿದಾದ ಅಂಚಿನ, 150 ಗ್ರಾಂ ಆಸುಪಾಸಿನ ಹಗುರ ಡಿಸ್ಕ್‌ನಿಂದ ಶುರುಮಾಡಿ ಅಂತ ಹೇಳೋಕೆ ಇದೇ ಕಾರಣ.

ಕೈಯಲ್ಲಿರೋ ಡಿಸ್ಕನ್ನೇ ಸ್ವಲ್ಪ ಸುಧಾರಿಸಬಹುದಾ? ಹೌದು. ಹೊಸ ಡಿಸ್ಕನ್ನ ಪಾತ್ರೆ ತೊಳೆಯೋ ಸೋಪಿನಲ್ಲಿ ಉಗುರು ಬೆಚ್ಚಗಿನ ನೀರಲ್ಲಿ ತೊಳೀರಿ. ಪ್ಲಾಸ್ಟಿಕ್‌ಗೆ ಸೇರಿಸಿದ ಕೆಲವು ಪದಾರ್ಥಗಳು ಕಾಲಕ್ರಮೇಣ ಮೇಲ್ಮೈಗೆ ಬಂದು ಜಿಡ್ಡಿನ ಪದರ ಕಟ್ತವೆ. ಅಚ್ಚಿನ ಒರಟು ಚೂರು, ಮರಕ್ಕೆ ಬಡಿದ ತರಚು ಇದ್ದರೆ ಮರಳು ಕಾಗದದಲ್ಲಿ ಹದವಾಗಿ ಉಜ್ಜೋಕೆ ನಿಯಮದಲ್ಲಿ ಅವಕಾಶ ಇದೆ. ಹಾರಾಟವೇ ಬದಲಾಗೋ ಹಾಗೆ ಉಜ್ಜೋದು, ದಪ್ಪಗೆ ಬಣ್ಣ ಬಳಿಯೋದು ಮಾತ್ರ ಸಲ್ಲ. ಸೊಂಟಕ್ಕೊಂದು ಟವೆಲ್, ಜೊತೆಗೆ ಬೆವರು ಹೀರೋ ಪುಡಿ ತುಂಬಿದ ಸಣ್ಣ ಬಟ್ಟೆ ಉಂಡೆ. ಅದನ್ನ ಎರಡು ಸಲ ಅದುಮಿ ಎಸೀತಾರೆ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಗರಡಿ ಮನೆಯಲ್ಲಿ ಪೈಲ್ವಾನರು ಕೆಮ್ಮಣ್ಣು ಸವರ್ಕೊಳ್ಳೋದು, ಕಬಡ್ಡಿ ಹುಡುಗರು ಅಂಗೈಗೆ ಮಣ್ಣು ತಿಕ್ಕೋದು ನೋಡಿ ಬೆಳೆದವರಲ್ವಾ ನಾವು? ಅದೇ ಮಣ್ಣು, ಚೀಲ ಹೊಸದು.

ಈಗ ಆ ಗಾದೆಗೆ ಬರ್ತೀನಿ. ಕುಣಿಯೋಕೆ ಕಲೀಬೇಕಾದವಳು ನೆಲವನ್ನ ಬೈತಾ ಕೂರಬಾರದು, ಒಪ್ತೀನಿ. ಅಭ್ಯಾಸ ಇಲ್ಲದೆ ಯಾವ ಪ್ಲಾಸ್ಟಿಕ್ಕೂ ಬುಟ್ಟಿಗೆ ಬೀಳಲ್ಲ. ಆದ್ರೆ ಮೂವತ್ತು ವರ್ಷ ನಾನು ಅಂದ್ಕೊಂಡಿದ್ದು ‘ನನ್ನ ಕೈ ಹೀಗೆ, ನನಗೆ ಯಾವ ಆಟವೂ ಆಗಿಬರಲ್ಲ’ ಅಂತ. ಕೈ ಈಗಲೂ ಹಾಗೇ ಇದೆ, ಬೆವರುತ್ತೆ. ಬದಲಾಗಿದ್ದು ಏನಂದ್ರೆ, ಜಾರದ ವಸ್ತು ಕೈಯಲ್ಲಿದೆ ಅಂತ ಗೊತ್ತಾದ ಮೇಲೆ ಭಯ ಒಂದಿಷ್ಟು ಇಳೀತು. ಭಯ ಇಳಿದಷ್ಟು ಬೆವರೂ ಇಳೀತು. ಇದು ಔಷಧ ಅಂತ ಹೇಳ್ತಿಲ್ಲ. ಆ ಸುತ್ತು ಎಲ್ಲಾದರೂ ಒಂದು ಕಡೆ ತುಂಡಾಗಬೇಕಿತ್ತು, ನನ್ನ ಪಾಲಿಗೆ ಹತ್ತು ಡಾಲರಿನ ಡಿಸ್ಕಿನಲ್ಲಿ ತುಂಡಾಯ್ತು.

ನೀವು ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದು ಈ ಆಟ ಶುರುಮಾಡೋ ಹಾಗಿದ್ದರೆ ನನ್ನ ಸಲಹೆ ಇಷ್ಟೇ. ಮೊದಲ ದಿನವೇ ಹೊಳೆಯೋದನ್ನ ಕೊಳ್ಳಬೇಡಿ. ಒಂದು ಅಗ್ಗದ ಪಟರ್, ಒಂದು ಸ್ಟಾರ್ ಜಾತಿಯ ಮಧ್ಯಮ ವೇಗದ ಡಿಸ್ಕ್ ಸಾಕು. ಅಂಗಳದಲ್ಲಿ ಸಿಕ್ಕವರ ಹತ್ತಿರ ‘ಒಂದ್ಸಲ ಮುಟ್ಟಿ ನೋಡಲಾ?’ ಅಂತ ಕೇಳಿ. ಈ ಆಟದವರು ಇಲ್ಲ ಅನ್ನಲ್ಲ, ಚೀಲ ಬಿಚ್ಚಿ ಮುಂದಿಡ್ತಾರೆ. ಕೈ ಒಣಗಿದ್ದಾಗ ಮಾತ್ರ ಅಲ್ಲ, ಹತ್ತು ಬುಟ್ಟಿ ಆಡಿ ಬೆವರಿದ ಮೇಲೂ ಮುಟ್ಟಿ ನೋಡಿ. ಯಾರ ಮಾತಿಗಿಂತಲೂ ಆಗ ನಿಮ್ಮ ಬೆರಳು ಹೇಳೋ ಮಾತನ್ನ ನಂಬಿ.

ನಿಮ್ಮ ಪೈಕಿ ಯಾರಿಗಾದರೂ ನನ್ನ ಹಾಗೇ ಅಂಗೈ ಬೆವರೋದಿದ್ದರೆ, ಕೈ ಮುಚ್ಚಿಡಬೇಡಿ. ಚರ್ಮದ ವೈದ್ಯರನ್ನ ಕೇಳಿ. ಪೆನ್ನಾಗಲಿ, ಬ್ಯಾಟಾಗಲಿ, ಸೈಕಲ್ ಹಿಡಿಯಾಗಲಿ, ನಿಮ್ಮ ಕೈಗೆ ಹೊಂದೋ ಮೇಲ್ಮೈಯನ್ನ ಹುಡುಕಿ. ಎಲ್ಲೋ ಇರುತ್ತೆ. ಇವತ್ತಿಗೆ ಇಷ್ಟು.